ಎಲ್ಲ ಸ್ಲೈಡೂ ಕಂದು ಬಂದಾಗ: ಆಕ್ಸಿಡೇಟಿವ್ ಸ್ಟ್ರೆಸ್ ಸ್ಟೇನಿಂಗ್‌ನಲ್ಲಿ ತಪ್ಪು ಹುಡುಕುವ ಬಗೆ

ಸಂಜೆ ಆರೂವರೆ ಆಗಿತ್ತು. 12 ಇಲಿಗಳ ಕಿಡ್ನಿ, 12 ಸ್ಲೈಡ್. 6 ಇಲಿಗಳಿಗೆ ಸ್ಟ್ರೆಪ್ಟೊಜೋಟೊಸಿನ್ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ್ದೆವು. ಉಳಿದ 6 ಕಂಟ್ರೋಲ್, ಅವಕ್ಕೆ ಬರೀ ಬಫರ್. ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಆಕ್ಸಿಡೇಶನ್ನಿನಿಂದ ಜೀವಕೋಶಕ್ಕೆ ಆಗುವ ಹಾನಿ, ಇದ್ದ ಕಡೆ ಆ್ಯಂಟಿಬಾಡಿ ಅಂಟಿ ಕಂದು ಬಣ್ಣ ಬರಬೇಕು, ಕಂಟ್ರೋಲ್‌ನಲ್ಲಿ ಅಷ್ಟು ಬರಬಾರದು. ಮೊದಲ ಸ್ಲೈಡ್ ಮೈಕ್ರೋಸ್ಕೋಪಿನಡಿ ಇಟ್ಟಾಗ ಖುಷಿಯಾಯಿತು. ಪ್ರಾಕ್ಸಿಮಲ್ ಟ್ಯೂಬ್ಯೂಲ್‌ಗಳ (ಕಿಡ್ನಿಯ ಸಣ್ಣ ಕೊಳವೆಗಳ) ತುಂಬ ಒಳ್ಳೆ ಕಂದು ಬಣ್ಣ. ಏಳನೇ ಸ್ಲೈಡ್ ಕಂಟ್ರೋಲ್‌ನದ್ದು. ಅದೂ ಕಂದು. ಎಂಟು, ಒಂಬತ್ತು, ಹತ್ತು, ಎಲ್ಲಾ ಕಂದು. ಪಕ್ಕದಲ್ಲಿದ್ದ ಪಿಎಚ್‌ಡಿ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ಆ್ಯಂಟಿಬಾಡಿ ಜಾಸ್ತಿ ಹಾಕಿಬಿಟ್ಟೆನಾ?"

ಎಲ್ಲರಿಗೂ ಮೊದಲು ಬರುವ ಅನುಮಾನ ಅದೇ. ಆಗ ಎಲ್ಲರೂ ಮಾಡುವುದು ಆ್ಯಂಟಿಬಾಡಿಯನ್ನು ಇನ್ನಷ್ಟು ತೆಳು ಮಾಡಿ ಮತ್ತೆ ಸ್ಟೇನ್ ಮಾಡುವ ಕೆಲಸ. ಬಣ್ಣ ತಗ್ಗುತ್ತದೆ, ಸಮಾಧಾನವೂ ಆಗುತ್ತದೆ, ಆದರೆ ತಪ್ಪು ಹಾಗೇ ಉಳಿಯುತ್ತದೆ. ನಾವು ಆ ದಾರಿ ಹಿಡಿಯಲಿಲ್ಲ. ಕಂದು ಬಣ್ಣ ಎಲ್ಲಿಂದ ಬಂತು ಅಂತ ಒಂದೊಂದಾಗಿ ಹುಡುಕುತ್ತಾ ಹೋದೆವು. ಮೂರು ವಾರ ಹಿಡಿಯಿತು. ಇದೇ ಕೆಲಸ ಮಾಡುವವರಿಗೆ ಆ ಮೂರು ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ನಾವು ಇಲಿ ಅಂದುಬಿಡುತ್ತೇವೆ. ಇಲ್ಲಿ ಆ ವ್ಯತ್ಯಾಸವೇ ಮುಖ್ಯ. ಹಾಗಾಗಿ ದೊಡ್ಡದನ್ನು ರ‍್ಯಾಟ್ ಅಂತಲೂ ಸುಂಡಿಲಿಯನ್ನು ಮೌಸ್ ಅಂತಲೂ ಕರೆಯುತ್ತೇನೆ. ನಮ್ಮ ಕಿಡ್ನಿಗಳು ರ‍್ಯಾಟ್‌ನವು. ಆ್ಯಂಟಿಬಾಡಿ ಮೌಸ್‌ನದ್ದು.

ಈ ಮಾರ್ಕರ್‌ಗಳು ಬೇರೆಯವುಗಳ ಹಾಗಲ್ಲ

ನಾವು ಹುಡುಕುತ್ತಿದ್ದದ್ದು 4-ಎಚ್‌ಎನ್‌ಇ. ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಆಕ್ಸಿಡೈಸ್ ಆದಾಗ ಹುಟ್ಟುವ ಒಂದು ಆಲ್ಡಿಹೈಡ್ ಇದು. ಹಳೆ ಕಡಲೆಕಾಯಿ ಎಣ್ಣೆ ಕಮಟು ಹಿಡಿಯುತ್ತದಲ್ವಾ, ಅಲ್ಲಿ ನಡೆಯುವುದೂ ಇದೇ ಜಾತಿಯ ರಸಾಯನ ಕ್ರಿಯೆ. 4-ಎಚ್‌ಎನ್‌ಇ ಹುಟ್ಟಿದ ಕೂಡಲೇ ಪಕ್ಕದ ಪ್ರೋಟೀನ್‌ಗಳಿಗೆ, ಅವುಗಳ ಸಿಸ್ಟೀನ್, ಹಿಸ್ಟಿಡೀನ್, ಲೈಸೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಆ್ಯಂಟಿಬಾಡಿ ಹಿಡಿಯುವುದು ಈ ಅಂಟಿಕೊಂಡ ರೂಪವನ್ನು. ಇದರ ಜೊತೆಗೆ ಹೆಚ್ಚಾಗಿ ನೋಡುವುದು ಇನ್ನೆರಡು. ಡಿಎನ್‌ಎಯ ಗ್ವಾನೀನ್ ಆಕ್ಸಿಡೈಸ್ ಆದಾಗ ಸಿಗುವ 8-ಓಎಚ್‌ಡಿಜಿ ಒಂದು. ಪೆರಾಕ್ಸಿನೈಟ್ರೈಟ್‌ನಂಥವು ಟೈರೊಸೀನ್‌ಗೆ ತಾಗಿದಾಗ ಆಗುವ 3-ನೈಟ್ರೊಟೈರೊಸೀನ್ ಇನ್ನೊಂದು.

ಇನ್ಸುಲಿನ್‌ಗೆ ಸ್ಟೇನ್ ಮಾಡುವಾಗ ಒಂದು ನೆಮ್ಮದಿ ಇರುತ್ತದೆ. ಲ್ಯಾಬಿನ ಟೇಬಲ್ ಮೇಲೆ ಇನ್ಸುಲಿನ್ ಹೊಸದಾಗಿ ಹುಟ್ಟುವುದಿಲ್ಲ. ಆಕ್ಸಿಡೇಶನ್ನಿನ ಗುರುತು ಹಾಗಲ್ಲ. ಗಾಳಿ, ಬಿಸಿ, ಕಬ್ಬಿಣ, ಪೆರಾಕ್ಸೈಡ್ ಸಿಕ್ಕಿದರೆ ಟೇಬಲ್ ಮೇಲೂ ಹುಟ್ಟಿಬಿಡುತ್ತದೆ. ಆಗ ಆ್ಯಂಟಿಬಾಡಿ ಸರಿಯಾಗಿಯೇ ಕೆಲಸ ಮಾಡಿರುತ್ತದೆ, ಬಣ್ಣವೂ ನಿಜವೇ ಆಗಿರುತ್ತದೆ, ಉತ್ತರ ಮಾತ್ರ ಸುಳ್ಳಾಗಿರುತ್ತದೆ.

ಹಾಗಾಗಿ ನಾನು ಪ್ರಶ್ನೆಗಳನ್ನು ಹೀಗೆ ಸಾಲಾಗಿ ಇಡುತ್ತೇನೆ. ಈ ಕಂದು ಆ್ಯಂಟಿಬಾಡಿಯಿಂದ ಬಂದದ್ದಾ? ಹೌದಾದರೆ, ಆ್ಯಂಟಿಬಾಡಿ ಹಿಡಿಯಬೇಕಾದ್ದನ್ನೇ ಹಿಡಿದಿದೆಯಾ? ಅದೂ ಹೌದಾದರೆ, ಈ ಗುರುತು ಪ್ರಾಣಿಯ ಮೈಯಲ್ಲಿ ಹುಟ್ಟಿದ್ದಾ, ನಮ್ಮ ಕೈಯಲ್ಲಿ ಹುಟ್ಟಿದ್ದಾ? ಕ್ರಮ ತಪ್ಪಿಸಿ ಮೂರನೆಯದಕ್ಕೆ ಜಿಗಿದರೆ ದಿನಗಳು ವ್ಯರ್ಥ.

ಮೊದಲು ಐದು ಸ್ಲೈಡ್ ಹೆಚ್ಚಿಗೆ ಕತ್ತರಿಸಿ

ಕಾಯಿಲೆ ಇರುವ ಪ್ರಾಣಿಗಳಲ್ಲಿ ಅತಿ ಹೆಚ್ಚು ಬಣ್ಣ ಬಂದ ಬ್ಲಾಕ್ (ಪ್ಯಾರಾಫಿನ್ ಮೇಣದಲ್ಲಿ ಕೂರಿಸಿದ ಟಿಶ್ಯೂ) ಯಾವುದೋ ಅದರಿಂದಲೇ 4 ಮೈಕ್ರಾನಿನ 5 ಸೆಕ್ಷನ್, ಅಂದರೆ ತೆಳು ಹೋಳು, ತೆಗೆಯಿರಿ. ಒಂದಕ್ಕೆ ಏನೂ ಹಾಕಬೇಡಿ, ಸುಮ್ನೆ ಪ್ಯಾರಾಫಿನ್ ತೆಗೆದು ಕವರ್‌ಸ್ಲಿಪ್ ಹಾಕಿ. ಎರಡನೆಯದಕ್ಕೆ ಬರೀ ಡ್ಯಾಬ್, ಅಂದರೆ ಕೊನೆಗೆ ಕಂದು ಬಣ್ಣ ಕೊಡುವ ರಾಸಾಯನಿಕ. ಮೂರನೆಯದಕ್ಕೆ ಪ್ರೈಮರಿ (ಗುರುತನ್ನು ಹಿಡಿಯುವ ಮೊದಲ ಆ್ಯಂಟಿಬಾಡಿ) ಬಿಟ್ಟು ಉಳಿದದ್ದೆಲ್ಲ, ಪ್ರೈಮರಿಯನ್ನು ಹಿಡಿಯುವ ಎರಡನೇ ಆ್ಯಂಟಿಬಾಡಿ ಸೆಕೆಂಡರಿಯೂ ಸೇರಿ. ನಾಲ್ಕನೆಯದಕ್ಕೆ ಪ್ರೈಮರಿಯ ಬದಲು ಅದೇ ಪ್ರಾಣಿಯ, ಅದೇ ಉಪವರ್ಗದ, ಯಾವುದಕ್ಕೂ ಸಂಬಂಧವಿಲ್ಲದ ಐಜಿಜಿ (ರಕ್ತದಲ್ಲಿರುವ ಸಾಮಾನ್ಯ ಜಾತಿಯ ಆ್ಯಂಟಿಬಾಡಿ). ಐದನೆಯದಕ್ಕೆ ತನ್ನ ಆ್ಯಂಟಿಜೆನ್ ಜೊತೆ, ಅಂದರೆ ತಾನು ಹಿಡಿಯುವ ವಸ್ತುವಿನ ಜೊತೆ, ಮೊದಲೇ ಬೆರೆಸಿಟ್ಟ ಪ್ರೈಮರಿ.

ನಾಲ್ಕನೆಯದರಲ್ಲಿ ಒಂದು ತಪ್ಪು ಪದೇಪದೇ ನೋಡಿದ್ದೇನೆ. ಪ್ರೈಮರಿ 1:200 ಇದ್ದರೆ ಕಂಟ್ರೋಲ್ ಐಜಿಜಿಯನ್ನೂ 1:200 ಹಾಕುತ್ತಾರೆ. ಎರಡು ಬಾಟಲಿಯ ಸಾಂದ್ರತೆ ಬೇರೆ ಬೇರೆ ಇದ್ದಾಗ ಅದಕ್ಕೆ ಅರ್ಥವೇ ಇಲ್ಲ. ಒಂದು ಮಿಲಿಲೀಟರಿಗೆ ಎಷ್ಟು ಮೈಕ್ರೋಗ್ರಾಂ ಅನ್ನುವುದು ಸಮ ಇರಬೇಕು.

ಈ ಐದು ಸ್ಲೈಡ್‌ಗಳನ್ನು ಕಾಯಿಲೆ ಇರುವ ಪ್ರಾಣಿಯ ಬ್ಲಾಕಿನಿಂದ ತೆಗೆಯಿರಿ ಅಂತ ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಬರುತ್ತದೆ.

ಏನೂ ಹಾಕದ ಸ್ಲೈಡೇ ಕಂದಾಗಿದ್ದರೆ

ನಮ್ಮ ಮೊದಲ ಸ್ಲೈಡಿನಲ್ಲಿ ಅಲ್ಲಲ್ಲಿ ಕಪ್ಪುಗಂದು ಕಾಳುಗಳಿದ್ದವು. ಹಿಸ್ಟಾಲಜಿಯ ಹಿರಿಯ ಟೆಕ್ನಿಷಿಯನ್ ಒಬ್ಬರು ಒಂದೇ ನೋಟಕ್ಕೆ ಹೇಳಿದರು: "ಇದು ಬಣ್ಣ ಅಲ್ಲ ಮೇಡಂ. ಫಾರ್ಮಲಿನ್ ಗಲೀಜು. ಬಾಟಲಿ ಯಾವುದು ನೋಡಿ." ನೋಡಿದರೆ, ಮ್ಯೂಸಿಯಂ ಮಾದರಿಗಳಿಗೆ ಇಟ್ಟಿದ್ದ ಬಫರ್ ಇಲ್ಲದ ಫಾರ್ಮಲಿನ್. ನಲ್ಲಿ ನೀರಿನಲ್ಲಿ ಬೆರೆಸಿದ್ದು, ಎಷ್ಟು ಹಳೆಯದೋ. ಫಾರ್ಮಲಿನ್ ಇಟ್ಟಲ್ಲೇ ಆಮ್ಲವಾಗುತ್ತಾ ಹೋಗುತ್ತದೆ. ಆಮ್ಲವಾದ ಫಾರ್ಮಲಿನ್ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿ ಈ ಕಾಳು ಕಟ್ಟುತ್ತದೆ. ಪೋಲರೈಸ್ಡ್ ಬೆಳಕಿನಲ್ಲಿ ಹೊಳೆಯುತ್ತದೆ, ಡ್ಯಾಬ್ ಹೊಳೆಯುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗಿಸಿದ ಪಿಕ್ರಿಕ್ ಆ್ಯಸಿಡ್‌ನಿಂದ ತೆಗೆಯಬಹುದು. ಪಿಕ್ರಿಕ್ ಆ್ಯಸಿಡ್ ಒಣಗಿದರೆ ಸ್ಫೋಟಕ, ಆ ಬಾಟಲಿ ಯಾವಾಗಲೂ ಒದ್ದೆ ಇರಲಿ. ಇದಕ್ಕಿಂತ ಒಳ್ಳೆ ದಾರಿ ಅಂದರೆ ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಬಳಸುವುದು.

ಹಳೇ ರಕ್ತಸ್ರಾವ ಆದ ಕಡೆ ಹೀಮೊಸಿಡೆರಿನ್ ಇರಬಹುದು. ಪರ್ಲ್ಸ್ ಸ್ಟೇನ್ ಹಾಕಿದರೆ ನೀಲಿ ಬರುತ್ತದೆ, ಅಲ್ಲಿಗೆ ತೀರ್ಮಾನ.

ಲಿಪೊಫ್ಯೂಸಿನ್ ಮಾತ್ರ ಅಷ್ಟು ಸುಲಭವಲ್ಲ. ವಯಸ್ಸಾದ ಪ್ರಾಣಿಯ ಹೃದಯ, ಮಿದುಳು, ಲಿವರ್‌ಗಳಲ್ಲಿ ಹಳದಿಗಂದು ಕಾಳಾಗಿ ಇರುತ್ತದೆ. ಫ್ಲೋರೊಸೆನ್ಸ್‌ನಲ್ಲಿ ನೋಡಿದರೆ ಹೆಚ್ಚುಕಡಿಮೆ ಎಲ್ಲ ಚಾನೆಲ್‌ನಲ್ಲೂ ತಾನೇ ಹೊಳೆಯುತ್ತದೆ. ಶೇ. 70ರ ಆಲ್ಕೋಹಾಲಿನಲ್ಲಿ ಶೇ. 0.1ರಷ್ಟು ಸುಡಾನ್ ಬ್ಲ್ಯಾಕ್ ಬಿ ಕರಗಿಸಿ ಕೊನೆಗೆ ಹಾಕಿದರೆ ಈ ಹೊಳಪು ತುಂಬ ತಗ್ಗುತ್ತದೆ. ಆದರೆ ಲಿಪೊಫ್ಯೂಸಿನ್ ಅಂದರೇನೇ ಆಕ್ಸಿಡೈಸ್ ಆದ ಕೊಬ್ಬು ಮತ್ತು ಪ್ರೋಟೀನಿನ ಗಂಟು. ಅದರಲ್ಲಿ 4-ಎಚ್‌ಎನ್‌ಇ ನಿಜವಾಗಿಯೂ ಇರುತ್ತದೆ. ಹಾಗಾಗಿ ಅದರ ಮೇಲೆ ಬಂದ ಬಣ್ಣವನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ, ಪೂರ್ತಿ ನಂಬುವ ಹಾಗೂ ಇಲ್ಲ. ನಾನು ಅಂಥ ಟಿಶ್ಯೂಗೆ ಡ್ಯಾಬ್ ಬಿಟ್ಟು ಕೆಂಪು ಬಣ್ಣ ಬರುವ ಎಇಸಿ ಬಳಸುತ್ತೇನೆ. ಕಂದು ಯಾವುದು, ಕೆಂಪು ಯಾವುದು ಅಂತ ಕಣ್ಣಿಗೇ ಬೇರೆಯಾಗಿ ಕಾಣುತ್ತದೆ.

ಬರೀ ಡ್ಯಾಬ್‌ಗೇ ಕಂದಾದರೆ

ಇಲ್ಲಿ ಕಾರಣ ಟಿಶ್ಯೂನ ಒಳಗೇ ಇರುವ ಪೆರಾಕ್ಸಿಡೇಸ್ ಚಟುವಟಿಕೆ. ಡ್ಯಾಬನ್ನು ಕಂದಾಗಿಸುವ ಎನ್ಜೈಮ್ ಅದೇ, ಸೆಕೆಂಡರಿಗೆ ಜೋಡಿಸಿರುವುದೂ ಅದನ್ನೇ. ಕೆಂಪು ರಕ್ತಕಣ, ನ್ಯೂಟ್ರೊಫಿಲ್, ಇಯೊಸಿನೊಫಿಲ್‌ಗಳಲ್ಲಿ ಇದು ಜಾಸ್ತಿ. ಇದಕ್ಕೆ ಎಲ್ಲರಿಗೂ ಬಾಯಿಪಾಠ ಆಗಿರುವ ಮದ್ದು: ಪ್ರೈಮರಿ ಹಾಕುವ ಮೊದಲು ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, 10 ನಿಮಿಷ.

ಒಂದು ಕ್ಷಣ ನಿಂತು ಯೋಚಿಸಿ. ನಾವು ಹುಡುಕುತ್ತಿರುವುದು ಆಕ್ಸಿಡೇಶನ್. ಅದನ್ನು ಹುಡುಕುವ ಮೊದಲು ಟಿಶ್ಯೂ ಮೇಲೆ ನಾವೇ ಆಕ್ಸಿಡೈಸ್ ಮಾಡುವ ದ್ರಾವಣ ಸುರಿಯುತ್ತಿದ್ದೇವೆ. ಅಲ್ಲಿ ಕಬ್ಬಿಣವೂ ಇದ್ದರೆ ಫೆಂಟನ್ ಕ್ರಿಯೆಗೆ (ಕಬ್ಬಿಣ, ಪೆರಾಕ್ಸೈಡ್ ಸೇರಿ ಇನ್ನೂ ಜೋರಾಗಿ ಆಕ್ಸಿಡೈಸ್ ಮಾಡುವ ಕ್ರಿಯೆ) ಬೇಕಾದ್ದೆಲ್ಲ ಸಿಕ್ಕ ಹಾಗಾಯಿತು. ಪೆರಾಕ್ಸೈಡ್ ಜೊತೆ ಫೆರಸ್ ಉಪ್ಪು ಬೆರೆಸಿ ಸೆಕ್ಷನ್ ಮೇಲೆ ಹಾಕಿದರೆ 8-ಓಎಚ್‌ಡಿಜಿಗೆ ಪಾಸಿಟಿವ್ ಕಂಟ್ರೋಲ್ ಸಿದ್ಧವಾಗುತ್ತದೆ. ರಕ್ತ ತುಂಬಿದ ಟಿಶ್ಯೂನಲ್ಲಿ ನಮಗೆ ಗೊತ್ತಿಲ್ಲದೆ ಅದರ ಚಿಕ್ಕ ರೂಪ ನಡೆಯಬಹುದು ಅಲ್ವಾ?

ಪರೀಕ್ಷೆ ಸುಲಭ. ಮೂರು ಸ್ಲೈಡ್ ತೆಗೆದುಕೊಳ್ಳಿ. ಒಂದಕ್ಕೆ ಪೆರಾಕ್ಸೈಡ್ ಬೇಡ. ಒಂದಕ್ಕೆ ಪ್ರೈಮರಿಗೆ ಮೊದಲು ಹಾಕಿ. ಇನ್ನೊಂದಕ್ಕೆ ಪ್ರೈಮರಿ ರಾತ್ರಿಯಿಡೀ ಅಂಟಿ ತೊಳೆದಾದ ಮೇಲೆ, ಸೆಕೆಂಡರಿಗೆ ಮೊದಲು ಹಾಕಿ. ಎರಡನೆಯದೂ ಮೂರನೆಯದೂ ಒಂದೇ ಥರ ಇದ್ದರೆ ಚಿಂತೆ ಇಲ್ಲ. ಎರಡನೆಯದು ಗಾಢವಾಗಿದ್ದರೆ, ಆ ಹೆಚ್ಚಿನ ಬಣ್ಣವನ್ನು ನಾವೇ ಹುಟ್ಟಿಸಿದ ಅನುಮಾನ ಬಲವಾಗುತ್ತದೆ. ನಮ್ಮ ಕಿಡ್ನಿಗಳಲ್ಲಿ 4-ಎಚ್‌ಎನ್‌ಇಗೆ ವ್ಯತ್ಯಾಸ ಕಾಣಲಿಲ್ಲ. 8-ಓಎಚ್‌ಡಿಜಿಗೆ, ರಕ್ತ ಕಟ್ಟಿದ್ದ ಜಾಗದ ಸುತ್ತಲಿನ ನ್ಯೂಕ್ಲಿಯಸ್‌ಗಳಲ್ಲಿ, ಕಂಡಿತು. ಅಂದಿನಿಂದ ನಮ್ಮಲ್ಲಿ ಎಲ್ಲ ಆಕ್ಸಿಡೇಶನ್ ಮಾರ್ಕರ್‌ಗೂ ಪೆರಾಕ್ಸೈಡ್ ಪ್ರೈಮರಿ ಆದ ಮೇಲೆಯೇ.

ಪೆರಾಕ್ಸೈಡ್ ಬೇಡವೇ ಬೇಡ ಅಂದರೆ ಆಲ್ಕಲೈನ್ ಫಾಸ್ಫಟೇಸ್ ಕಿಟ್ ಇದೆ. ಆದರೆ ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನ ಅಂಚಿನಲ್ಲಿ ಆ ಎನ್ಜೈಮೂ ತುಂಬಾ ಇರುತ್ತದೆ. ಲೆವಾಮಿಸೋಲ್ ಸೇರಿಸಿ ಅದನ್ನು ತಡೆಯಬೇಕು. ಕರುಳಿನ ಫಾಸ್ಫಟೇಸ್ ಲೆವಾಮಿಸೋಲ್‌ಗೆ ಬಗ್ಗುವುದಿಲ್ಲ, ಅಲ್ಲಿ ಈ ದಾರಿ ಬೇಡ.

ಇನ್ನೊಂದು ಸಣ್ಣ ವಿಷಯ: ಹಳೇ ಟ್ವೀನ್-20. ಬಾಟಲಿ ತೆರೆದು ವರ್ಷಗಟ್ಟಲೆ ಬೆಳಕಲ್ಲಿಟ್ಟರೆ ಅದರಲ್ಲೇ ಪೆರಾಕ್ಸೈಡ್ ಕೂಡುತ್ತದೆ. ಈ ಕೆಲಸಕ್ಕೆ ಹೊಸ ಬಾಟಲಿ ಇಟ್ಟುಕೊಳ್ಳಿ.

ಪ್ರೈಮರಿ ಇಲ್ಲದೆಯೂ ಕಂದಾದರೆ

ನಮ್ಮ ದೊಡ್ಡ ಕಳ್ಳ ಸಿಕ್ಕಿದ್ದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂರನೇ ಸ್ಲೈಡ್, ಅಂದರೆ ಪ್ರೈಮರಿ ಹಾಕದ್ದು, ಚೆನ್ನಾಗಿಯೇ ಕಂದಾಗಿತ್ತು. ದೊಡ್ಡ ಲೆನ್ಸ್ ಹಾಕಿ ನೋಡಿದೆ. ಬಣ್ಣ ಎಲ್ಲ ಕಡೆ ಹರಡಿರಲಿಲ್ಲ. ಪ್ರಾಕ್ಸಿಮಲ್ ಟ್ಯೂಬ್ಯೂಲ್ ಕೋಶಗಳ ಒಳಗೆ, ಕೊಳವೆಯ ಬಾಯಿಯ ಕಡೆಗೆ, ಸಾಸಿವೆ ಚೆಲ್ಲಿದ ಹಾಗೆ ದುಂಡನೆಯ ಹನಿಗಳು. ಜೊತೆಗೆ ರಕ್ತನಾಳಗಳ ಒಳಗೆ ತೆಳುಗಂದು ಪ್ಲಾಸ್ಮಾ. ಪ್ಲಾಸ್ಮಾ ಕಂದಾಗಿದೆ ಅಂದಾಗಲೇ ಅರ್ಥವಾಗಬೇಕು, ಸೆಕೆಂಡರಿ ಹಿಡಿಯುತ್ತಿರುವುದು ಪ್ರಾಣಿಯ ಸ್ವಂತ ಐಜಿಜಿಯನ್ನು.

ನಮ್ಮ ಸೆಕೆಂಡರಿ ಮೌಸ್ ಐಜಿಜಿಯನ್ನು ಹಿಡಿಯುವಂಥದ್ದು. ಮೌಸ್ ಮತ್ತು ರ‍್ಯಾಟ್‌ನ ಐಜಿಜಿ ತುಂಬಾ ಹತ್ತಿರದ ನೆಂಟರು. ರ‍್ಯಾಟ್ ಐಜಿಜಿಗೆ ಅಂಟುವ ಭಾಗವನ್ನು ಸೋಸಿ ತೆಗೆಯದ ಸೆಕೆಂಡರಿ ರ‍್ಯಾಟ್ ಟಿಶ್ಯೂ ಮೇಲೆ ಎರಡನ್ನೂ ಹಿಡಿಯುತ್ತದೆ. ಬಾಟಲಿಯ ಜೊತೆ ಬಂದ ಕಾಗದದಲ್ಲಿ ರ‍್ಯಾಟ್‌ಗೆ ಅಡ್ಸಾರ್ಬ್ ಮಾಡಿದ್ದು ಅಂತ ಬರೆದಿರಬೇಕು. ನಮ್ಮದರಲ್ಲಿ ಇರಲಿಲ್ಲ. ಆರ್ಡರ್ ಮಾಡುವಾಗ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಈಗ ಆ ಹನಿಗಳ ವಿಷಯ. ಸಕ್ಕರೆ ಕಾಯಿಲೆಯಲ್ಲಿ ಗ್ಲೊಮೆರುಲಸ್ (ಕಿಡ್ನಿಯಲ್ಲಿ ರಕ್ತ ಸೋಸುವ ಗಂಟು) ಸೋರತೊಡಗಿದರೆ ರಕ್ತದ ಪ್ರೋಟೀನ್ ಮೂತ್ರದ ಕಡೆಗೆ ಹೋಗುತ್ತದೆ. ಪ್ರಾಕ್ಸಿಮಲ್ ಟ್ಯೂಬ್ಯೂಲ್ ಅದನ್ನು ಹೀರಿಕೊಂಡು ಹನಿಯಾಗಿ ಇಟ್ಟುಕೊಳ್ಳುತ್ತದೆ. ಸೋರುವುದು ಜೋರಾದರೆ ಐಜಿಜಿಯೂ ಅದರಲ್ಲಿ ಸೇರುತ್ತದೆ. ಅಂದರೆ ಕಾಯಿಲೆ ಹೆಚ್ಚಾದಷ್ಟೂ ಈ ಸುಳ್ಳು ಬಣ್ಣವೂ ಹೆಚ್ಚು! ನೋಡಿದವರು "ಕಾಯಿಲೆ ಜಾಸ್ತಿ, ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ" ಅಂತ ಬರೆದುಬಿಡುತ್ತಾರೆ. ನಮ್ಮಲ್ಲಿ ಕಂಟ್ರೋಲ್ ಕೂಡ ಕಂದಾಗಿದ್ದರಿಂದ ಎಚ್ಚರವಾಯಿತು. ಕಂಟ್ರೋಲ್ ಸ್ವಲ್ಪ ಬಿಳಿಚಿಕೊಂಡಿದ್ದಿದ್ದರೆ ನಾವೂ ಹಾಗೇ ಬರೆಯುತ್ತಿದ್ದೆವೇನೋ ಅಂತ ನೆನೆದರೆ ಈಗಲೂ ಭಯವಾಗುತ್ತದೆ. ಪ್ರೈಮರಿ ಇಲ್ಲದ ಕಂಟ್ರೋಲನ್ನು ಕಾಯಿಲೆಯ ಬ್ಲಾಕ್ ಮೇಲೇ ಮಾಡಿ ಅಂದದ್ದು ಇದಕ್ಕೇ. ಆರೋಗ್ಯದ ಕಿಡ್ನಿ ಮೇಲೆ ಮಾತ್ರ ಮಾಡಿದರೆ ಈ ಹನಿಗಳು ಹೆಚ್ಚು ಕಾಣುವುದಿಲ್ಲ, ಕಳ್ಳ ತಪ್ಪಿಸಿಕೊಳ್ಳುತ್ತಾನೆ.

ಪರಿಹಾರ: ರ‍್ಯಾಟ್‌ಗೆ ಅಡ್ಸಾರ್ಬ್ ಮಾಡಿದ ಸೆಕೆಂಡರಿ, ಇಲ್ಲವೇ ಮೊಲದಲ್ಲಿ ಮಾಡಿದ ಪ್ರೈಮರಿ. ಮೌಸ್ ಟಿಶ್ಯೂ ಮೇಲೆ ಮೌಸ್ ಆ್ಯಂಟಿಬಾಡಿ ಹಾಕುವವರಿಗೆ ಅಡ್ಸಾರ್ಬ್ ಮಾಡಿದ್ದು ಸಹಾಯಕ್ಕೆ ಬರುವುದಿಲ್ಲ. ಅವರು ಮೊದಲು ಫ್ಯಾಬ್ ತುಣುಕುಗಳಿಂದ (ಆ್ಯಂಟಿಬಾಡಿಯ ಹಿಡಿಯುವ ತುಂಡುಗಳಿಂದ) ಟಿಶ್ಯೂನ ಐಜಿಜಿಯನ್ನು ಮುಚ್ಚಬೇಕು, ಅಥವಾ ಅದಕ್ಕೆಂದೇ ಇರುವ ಕಿಟ್ ತರಬೇಕು.

ಇದೇ ಸ್ಲೈಡ್ ಹೇಳುವ ಇನ್ನೊಂದು ಕಥೆ ಬಯೋಟಿನ್. ಕಿಡ್ನಿ, ಲಿವರ್ ಎರಡರಲ್ಲೂ ಬಯೋಟಿನ್ ಧಾರಾಳ. ಫಾರ್ಮಲಿನ್ ಮುಚ್ಚಿಟ್ಟ ಆ್ಯಂಟಿಜೆನ್ ಆ್ಯಂಟಿಬಾಡಿಗೆ ಸಿಗಲಿ ಅಂತ ಬಿಸಿ ಮಾಡಿ ತೆರೆದಾಗ ಅದೂ ತೆರೆದುಕೊಳ್ಳುತ್ತದೆ. ಅವಿಡಿನ್ ಬಯೋಟಿನ್‌ಗೆ ಅಂಟುತ್ತದೆ, ಹಾಗಾಗಿ ಅವಿಡಿನ್-ಬಯೋಟಿನ್ ಕಿಟ್ ಬಳಸುತ್ತಿದ್ದರೆ ಇದನ್ನು ಅನುಮಾನಿಸಿ. ಪಾಲಿಮರ್ ಕಿಟ್‌ಗೆ ಬದಲಾದರೆ ಈ ತಲೆನೋವೇ ಇಲ್ಲ.

ಆ್ಯಂಟಿಬಾಡಿ ಸರಿಯಾದದ್ದನ್ನು ಹಿಡಿದಿದೆಯಾ

ಸೆಕೆಂಡರಿ ಬದಲಾಯಿಸಿದ ಮೇಲೆ ಮುಕ್ಕಾಲು ಪಾಲು ಕಂದು ಹೋಯಿತು. ಉಳಿದದ್ದು ನಿಜವಾ?

4-ಎಚ್‌ಎನ್‌ಇಗೆ ಎಚ್‌ಎನ್‌ಇಜೆ-2 ಅನ್ನುವ ಮೌಸ್ ಮೊನೊಕ್ಲೋನಲ್ ಆ್ಯಂಟಿಬಾಡಿ ತುಂಬಾ ಬಳಕೆಯಲ್ಲಿದೆ. ಅದು ಹಿಡಿಯುವುದು ಹಿಸ್ಟಿಡೀನ್‌ಗೆ ಅಂಟಿದ 4-ಎಚ್‌ಎನ್‌ಇಯನ್ನು. ಐದನೇ ಸ್ಲೈಡಿಗೆ ಬೆರೆಸುವ ಆ್ಯಂಟಿಜೆನ್ ಕೂಡ 4-ಎಚ್‌ಎನ್‌ಇ ಅಂಟಿಸಿದ ಪ್ರೋಟೀನ್ ಆಗಿರಬೇಕು. ಬರೀ ಆಲ್ಬುಮಿನ್ ಜೊತೆ ಬೆರೆಸಿ "ಬಣ್ಣ ಹೋಗಲಿಲ್ಲ" ಅಂದರೆ ಏನೂ ತಿಳಿಯುವುದಿಲ್ಲ. ಅದರ ಜೊತೆ ಅಂಟಿಸದ ಆಲ್ಬುಮಿನ್ ಬೆರೆಸಿದ ಇನ್ನೊಂದು ಸ್ಲೈಡ್ ಇರಲಿ. ಮೊದಲನೆಯದರಲ್ಲಿ ಬಣ್ಣ ಹೋಗಿ ಎರಡನೆಯದರಲ್ಲಿ ಉಳಿದರೆ ಸರಿ.

8-ಓಎಚ್‌ಡಿಜಿಗೆ ಬಣ್ಣ ಎಲ್ಲಿ ಬಂದಿದೆ ಅನ್ನುವುದೇ ಮೊದಲ ಸುಳಿವು. ನ್ಯೂಕ್ಲಿಯಸ್‌ನಲ್ಲಿ ಬರಬೇಕು. ಸೈಟೊಪ್ಲಾಸಂನಲ್ಲಿ ಜಾಸ್ತಿ ಇದ್ದರೆ ಅದು ಮೈಟೊಕಾಂಡ್ರಿಯದ ಡಿಎನ್‌ಎ ಇರಬಹುದು, ಆರ್‌ಎನ್‌ಎ ಕೂಡ ಇರಬಹುದು. 15ಎ3 ಅನ್ನುವ ಆ್ಯಂಟಿಬಾಡಿ ಕ್ಲೋನ್ ಆರ್‌ಎನ್‌ಎಯಲ್ಲಿ ಆಕ್ಸಿಡೈಸ್ ಆದ ಗ್ವಾನೊಸೀನ್ ಅನ್ನೂ ಹಿಡಿಯುತ್ತದೆ. ಆರ್‌ಎನ್‌ಎ ಕತ್ತರಿಸುವ ಆರ್‌ಎನ್‌ಏಸ್ ಹಾಕಿ 37 ಡಿಗ್ರಿಯಲ್ಲಿ 1 ಗಂಟೆ ಇಟ್ಟ ಸ್ಲೈಡ್ ಒಂದು, ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿದ್ದು ಒಂದು. ಯಾವುದರಲ್ಲಿ ಬಣ್ಣ ಹೋಯಿತು ನೋಡಿದರೆ ಉತ್ತರ ಸಿಗುತ್ತದೆ. ಡಿಎನ್‌ಎಯ ಎರಡು ಎಳೆ ಬಿಚ್ಚದಿದ್ದರೆ ಕೆಲವು ಆ್ಯಂಟಿಬಾಡಿಗಳು ಒಳಗೆ ಹೋಗಿ ಹಿಡಿಯಲಾರವು. ಅದಕ್ಕೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕುತ್ತಾರೆ. ಹೊತ್ತು ಮೀರಿದರೆ ನ್ಯೂಕ್ಲಿಯಸ್ ಬೆಂದ ಅನ್ನದ ಹಾಗೆ ಊದಿಕೊಂಡು, ಅದಕ್ಕೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಕೂಡ ಹಿಡಿಯುವುದಿಲ್ಲ. ಇನ್ನು ಹೆಮಟಾಕ್ಸಿಲಿನ್ ಗಾಢವಾಗಿ ಹಾಕಿ ತೆಳುಗಂದು ನ್ಯೂಕ್ಲಿಯಸ್ಸನ್ನು ಮುಚ್ಚಿಬಿಟ್ಟು "ನೆಗೆಟಿವ್" ಅಂದವರೂ ಇದ್ದಾರೆ. 20 ಸೆಕೆಂಡ್ ಸಾಕು.

3-ನೈಟ್ರೊಟೈರೊಸೀನ್‌ಗೆ ಇರುವ ಕಂಟ್ರೋಲ್ ನನಗೆ ಬಹಳ ಇಷ್ಟ. ಸೋಡಿಯಂ ಡೈಥಯೋನೈಟ್ ಹಾಕಿದರೆ ನೈಟ್ರೊಟೈರೊಸೀನ್ ಅಮಿನೊಟೈರೊಸೀನ್ ಆಗಿಬಿಡುತ್ತದೆ, ಆ್ಯಂಟಿಬಾಡಿ ಅದನ್ನು ಗುರುತಿಸುವುದಿಲ್ಲ. ಅಂದರೆ ಟಿಶ್ಯೂನಿಂದಲೇ ಗುರುತನ್ನು ಅಳಿಸಿ ನೋಡಿದ ಹಾಗೆ. ಬೋರೇಟ್ ಬಫರಿನಲ್ಲಿ, ಪಿಎಚ್ 9ರಲ್ಲಿ ಮಾಡಬೇಕು. ಡೈಥಯೋನೈಟ್ ನೀರಿಗೆ ಬಿದ್ದ ಮೇಲೆ ಬೇಗ ಸತ್ತುಹೋಗುತ್ತದೆ, ಹಾಗಾಗಿ ಆಗಾಗಲೇ ಕರಗಿಸಿಕೊಳ್ಳಬೇಕು. ಜೀವ ಇದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. ಸಣ್ಣ ಟ್ಯೂಬಿನಲ್ಲಿ ಅದೇ ಬಫರಿಗೆ ಚಿಟಿಕೆ ಶುದ್ಧ ನೈಟ್ರೊಟೈರೊಸೀನ್ ಹಾಕಿ. ಪಿಎಚ್ 9ರಲ್ಲಿ ಅದು ಅರಿಶಿನದ ನೀರಿನ ಹಾಗೆ ಹಳದಿ ಇರುತ್ತದೆ. ಅದಕ್ಕೆ ನಿಮ್ಮ ಡೈಥಯೋನೈಟ್ ಹನಿಸಿ. ಹಳದಿ ಹೋದರೆ ಜೀವ ಇದೆ. ಹೋಗದಿದ್ದರೆ ಹೊಸ ಡಬ್ಬ ತೆರೆಯಿರಿ.

ಇನ್ನೊಂದು ಕಂಟ್ರೋಲ್, 10 ಮಿಲಿಮೋಲಾರ್ ನೈಟ್ರೊಟೈರೊಸೀನನ್ನು ಆ್ಯಂಟಿಬಾಡಿ ಜೊತೆ ಬೆರೆಸುವುದು. ಬೆರೆಸಿದ ಮೇಲೆ ಪಿಎಚ್ ನೋಡಿ 7.4ಕ್ಕೆ ತನ್ನಿ. ಸ್ಟಾಕ್ ದ್ರಾವಣ ಆಮ್ಲದಲ್ಲಿ ಮಾಡಿದ್ದರೆ, ಪಿಎಚ್ ಇಳಿದ ಕಾರಣಕ್ಕೇ ಆ್ಯಂಟಿಬಾಡಿ ಅಂಟದೆ ಬಣ್ಣ ಹೋಗುತ್ತದೆ. ನೀವು ಮಾತ್ರ ಕಂಟ್ರೋಲ್ ಸರಿಯಾಗಿ ಬಂತು ಅಂದುಕೊಳ್ಳುತ್ತೀರಿ.

ಪಾಸಿಟಿವ್ ಕಂಟ್ರೋಲ್ ಬ್ಲಾಕ್ ಒಂದು ಇರಲೇಬೇಕು. ಕಬ್ಬಿಣದ ನೈಟ್ರಿಲೊಟ್ರೈಅಸಿಟೇಟ್ ಕೊಟ್ಟ ರ‍್ಯಾಟ್‌ನ ಕಿಡ್ನಿ ಇದಕ್ಕೆ ಹೆಸರಾದದ್ದು. ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನಲ್ಲಿ 4-ಎಚ್‌ಎನ್‌ಇ, 8-ಓಎಚ್‌ಡಿಜಿ ಎರಡೂ ಬರುತ್ತವೆ. 8-ಓಎಚ್‌ಡಿಜಿಯ ಎನ್‌45.1 ಕ್ಲೋನನ್ನು ಟಿಶ್ಯೂ ಮೇಲೆ ಪರೀಕ್ಷಿಸಿದ ಜಪಾನಿನ ಶಿನ್ಯ ಟೊಯೊಕುನಿ ಅವರ ತಂಡ 1997ರಲ್ಲಿ ಬಳಸಿದ್ದೂ ಈ ಮಾದರಿಯನ್ನೇ.

ಬಣ್ಣವೇ ಬರದಿದ್ದರೆ

ಇದು ಸುಲಭದ ತೊಂದರೆ, ಬೇಗ ಮುಗಿಸುತ್ತೇನೆ. ಸಣ್ಣ ಟ್ಯೂಬಿನಲ್ಲಿ ಡ್ಯಾಬ್ ತೆಗೆದುಕೊಂಡು ಒಂದು ಹನಿ ಸೆಕೆಂಡರಿ ಹಾಕಿ. ಕೂಡಲೇ ಕಂದಾಗಬೇಕು. ಆಗದಿದ್ದರೆ ಡ್ಯಾಬ್ ಅಥವಾ ಸೆಕೆಂಡರಿ ಕೆಟ್ಟಿದೆ. ಕಂದಾದರೆ, ಬಫರಿನಲ್ಲಿ ಸೋಡಿಯಂ ಅಜೈಡ್ ಇದೆಯಾ ನೋಡಿ. ಬೂಷ್ಟು ಹಿಡಿಯದಿರಲಿ ಅಂತ ಹಾಕಿಟ್ಟಿರುತ್ತಾರೆ, ಅದು ಪೆರಾಕ್ಸಿಡೇಸನ್ನು ಕಟ್ಟಿಹಾಕುತ್ತದೆ. ಅದೂ ಇಲ್ಲದಿದ್ದರೆ ಪ್ರೈಮರಿ. ಕರೆಂಟ್ ಹೋಗಿ ಬಂದು ಫ್ರೀಜರಿನಲ್ಲಿ ಎಷ್ಟು ಸಲ ಕರಗಿ ಗಟ್ಟಿಯಾಗಿದೆಯೋ ಯಾರಿಗೆ ಗೊತ್ತು. ಬಂದ ದಿನವೇ 10 ಮೈಕ್ರೋಲೀಟರಿನ ಪಾಲು ಮಾಡಿ, ಫ್ರಾಸ್ಟ್-ಫ್ರೀ ಫ್ರೀಜರಿನಲ್ಲಿ ಇಡಬೇಡಿ. ಅಂಚು ಮಾತ್ರ ಗಾಢವಾಗಿದ್ದರೆ ಸೆಕ್ಷನ್ ಒಣಗಿದೆ. ಮೇಲೆ ಫ್ಯಾನ್ ತಿರುಗುತ್ತಿತ್ತಾ? ಒದ್ದೆ ಟಿಶ್ಯೂ ಪೇಪರ್ ಹಾಸಿದ, ಮುಚ್ಚಳ ಬಿಗಿ ಇರುವ ಊಟದ ಡಬ್ಬಿ ನಮ್ಮಲ್ಲಿ ವರ್ಷಗಳಿಂದ ಚೆನ್ನಾಗಿ ನಡೆಯುತ್ತಿದೆ.

ಮೈಯಲ್ಲಿ ಹುಟ್ಟಿದ್ದಾ, ಕೈಯಲ್ಲಿ ಹುಟ್ಟಿದ್ದಾ

ಕುಕ್ಕರ್‌ನಿಂದ ಶುರು ಮಾಡೋಣ. ಆ್ಯಂಟಿಜೆನ್ ತೆರೆಯಲು ನಾವು ಮನೆಯ ಪ್ರೆಶರ್ ಕುಕ್ಕರನ್ನೇ ಬಳಸುತ್ತೇವೆ. 10 ಮಿಲಿಮೋಲಾರ್ ಸಿಟ್ರೇಟ್, ಪಿಎಚ್ 6. ಎಷ್ಟು ಸಲ ಕೂಗಿತು ಅಂತ ಎಣಿಸಬೇಡಿ, ಗಡಿಯಾರ ನೋಡಿ. ಗ್ಯಾಸ್ ಉರಿ ಬದಲಾದರೆ ಕೂಗೂ ಬದಲಾಗುತ್ತದೆ. ಬಿಸಿ ಜೊತೆಗೆ ತುಕ್ಕು ಹಿಡಿದ ಸ್ಲೈಡ್ ಸ್ಟ್ಯಾಂಡ್ ಇದ್ದರೆ ಕಬ್ಬಿಣವೂ ಸಿಕ್ಕಿತು. ನಮ್ಮ ಸ್ಟ್ಯಾಂಡಿನ ಹಿಡಿಯಲ್ಲಿ ಕೆಂಪು ತುಕ್ಕು ಇತ್ತು, ಪ್ಲಾಸ್ಟಿಕ್‌ನದ್ದಕ್ಕೆ ಬದಲಾಯಿಸಿದೆವು. "ಇಡಿಟಿಎ ಹಾಕಿದ್ದೇವಲ್ಲ, ಕಬ್ಬಿಣ ಹಿಡಿದುಕೊಳ್ಳುತ್ತದೆ" ಅಂತ ಸುಮ್ಮನಾಗಬೇಡಿ. ಇಡಿಟಿಎ ಹಿಡಿದ ಕಬ್ಬಿಣ ಫೆಂಟನ್ ಕ್ರಿಯೆಯನ್ನು ಮುಂದುವರಿಸಬಲ್ಲದು. ಡಿಫೆರಾಕ್ಸಮೀನ್ ಆದರೆ ಅದನ್ನು ನಿಜವಾಗಿ ಸುಮ್ಮನಾಗಿಸುತ್ತದೆ. ಬಿಸಿ ಮಾಡದ ಒಂದು ಸ್ಲೈಡನ್ನೂ ಯಾವಾಗಲೂ ಜೊತೆಗೆ ಓಡಿಸಿ. 4-ಎಚ್‌ಎನ್‌ಇಗೆ ಬಿಸಿ ಇಲ್ಲದೆಯೂ ಎಷ್ಟೋ ಸಲ ಬಣ್ಣ ಬರುತ್ತದೆ.

ಕತ್ತರಿಸಿದ ಸ್ಲೈಡನ್ನು ತಿಂಗಳುಗಟ್ಟಲೆ ಹೊರಗಿಡಬೇಡಿ. ಬ್ಲಾಕಿನಲ್ಲಿ ಪ್ಯಾರಾಫಿನ್ ಕಾಪಾಡುತ್ತದೆ, 4 ಮೈಕ್ರಾನಿನ ಸೆಕ್ಷನ್ನಿಗೆ ಗಾಳಿ ನೇರವಾಗಿ ತಾಗುತ್ತದೆ. ಕತ್ತರಿಸಿ ಒಂದು ವಾರದೊಳಗೆ ಸ್ಟೇನ್, ಎರಡು ಗುಂಪೂ ಒಂದೇ ದಿನ ಕತ್ತರಿಸಿದ್ದು, ಒಂದೇ ದಿನ ಒಂದೇ ಡ್ಯಾಬ್. ಫ್ರೋಜನ್ ಟಿಶ್ಯೂ ಆದರೆ ಮೈನಸ್ 80. ಮೈನಸ್ 20ರಲ್ಲಿ ಕೊಬ್ಬಿನ ಆಕ್ಸಿಡೇಶನ್ ನಿಲ್ಲುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ನಮ್ಮ ಕಂಟ್ರೋಲ್‌ಗಳಲ್ಲಿ ಕೊನೆಯ ಮೂರು ಕಿಡ್ನಿ ಮೊದಲ ಮೂರಕ್ಕಿಂತ ಕಂದಾಗಿದ್ದವು. ಸೆಕೆಂಡರಿ ಸರಿ, ಪೆರಾಕ್ಸೈಡ್ ಸರಿ, ಐದನೇ ಸ್ಲೈಡಿನಲ್ಲಿ ಬಣ್ಣ ಪೂರ್ತಿ ಹೋಗುತ್ತಿತ್ತು. ಅಂದರೆ 4-ಎಚ್‌ಎನ್‌ಇ ನಿಜವಾಗಿಯೂ ಇತ್ತು. ಹುಡುಗಿ ತನ್ನ ನೋಟ್‌ಬುಕ್ ತೆಗೆದಳು. ಪ್ರಾಣಿಗಳನ್ನು ಕೊಯ್ದ ಕ್ರಮ ಅದರಲ್ಲಿತ್ತು, ಸಮಯ ಇರಲಿಲ್ಲ.

"ನಾಲ್ಕನೆಯದು ಆಗುವಾಗ ಏನಾದರೂ ಆಗಿತ್ತಾ ನೆನಪು ಮಾಡಿಕೋ," ಅಂದೆ.

"ಫಾರ್ಮಲಿನ್ ಮುಗಿದಿತ್ತು ಮೇಡಂ. ಕೆಳಗಿನಿಂದ ತರೋಕೆ ಹೋಗಿದ್ದೆ. ಅಷ್ಟು ಹೊತ್ತು ಕಿಡ್ನಿ ಸಲೈನ್ ಟ್ರೇನಲ್ಲೇ ಇತ್ತು."

"ಎಷ್ಟು ಹೊತ್ತು?"

"ಅರ್ಧ ಗಂಟೆ ಇರಬಹುದು. ಉಳಿದ ಎರಡನ್ನೂ ತೆಗೆದು ಅಲ್ಲೇ ಇಟ್ಟಿದ್ದೆವು."

ರಕ್ತ ನಿಂತ ಟಿಶ್ಯೂ ಗಾಳಿಗೆ ತೆರೆದುಕೊಂಡು ಕೂತರೆ ಕೊಬ್ಬಿನ ಆಕ್ಸಿಡೇಶನ್ ತನ್ನಷ್ಟಕ್ಕೆ ನಡೆಯುತ್ತಲೇ ಇರುತ್ತದೆ. ಕೆಳಗಿನಿಂದ ತಂದ ಬಾಟಲಿ ಅದೇ ಮ್ಯೂಸಿಯಂ ಫಾರ್ಮಲಿನ್. ಸಾಲದ್ದಕ್ಕೆ ಇಡೀ ಕಿಡ್ನಿಯನ್ನು ಸೀಳದೆ ಅದರಲ್ಲಿ ಹಾಕಿದ್ದರು. ಫಾರ್ಮಲಿನ್ ಒಳಗಿಳಿಯುವುದು ಮೊದಮೊದಲು ಗಂಟೆಗೆ ಹೆಚ್ಚುಕಡಿಮೆ 1 ಮಿಲಿಮೀಟರ್, ಆಮೇಲೆ ಇನ್ನೂ ನಿಧಾನ. ಆ ಮೂರು ಸ್ಲೈಡಿನಲ್ಲಿ ಹೊರ ಅಂಚು ತೆಳು, ಒಳಗೆ ಹೋದಂತೆ ಗಾಢ. ನಕ್ಷೆ ಬರೆದ ಹಾಗೆ ಕಾಣುತ್ತಿತ್ತು.

ಈ ತಪ್ಪಿಗೆ ಸ್ಲೈಡ್ ಮೇಲೆ ಮದ್ದಿಲ್ಲ. ಆ ಮೂರು ಕಿಡ್ನಿಗಳನ್ನು ಲೆಕ್ಕದಿಂದ ಬಿಟ್ಟೆವು, ಬಿಟ್ಟದ್ದಕ್ಕೆ ಕಾರಣವನ್ನೂ ಬರೆದಿಟ್ಟೆವು. ಮೂರು ಪ್ರಾಣಿಗಳ ಜೀವ ಅದು. ನೈತಿಕ ಸಮಿತಿಯ ಮುಂದೆ ಮತ್ತೆ ಅನುಮತಿ ಕೇಳುವಾಗ ಆ ಹುಡುಗಿಯ ಕಣ್ಣು ತುಂಬಿತ್ತು. ನನಗೂ ಮಾತು ಬರಲಿಲ್ಲ.

ಹೊಸ ಸುತ್ತಿನಲ್ಲಿ ಕಂಟ್ರೋಲ್ ಒಂದು, ಕಾಯಿಲೆಯದು ಒಂದು ಅಂತ ಬದಲಿಸಿ ಬದಲಿಸಿ ಕೊಯ್ದೆವು. ತಣ್ಣನೆಯ ಬಫರ್ ಹರಿಸಿ ರಕ್ತ ತೊಳೆದೆವು. ಕಿಡ್ನಿಯನ್ನು 3 ಮಿಲಿಮೀಟರಿನ ಹೋಳು ಮಾಡಿ ಹತ್ತು ಪಟ್ಟು ಬಫರ್ಡ್ ಫಾರ್ಮಲಿನ್‌ನಲ್ಲಿ 24 ಗಂಟೆ ಇಟ್ಟೆವು. ಬಾಟಲಿಗಳನ್ನು ಹಿಂದಿನ ದಿನವೇ ತುಂಬಿಸಿ, ಹೆಸರು ಅಂಟಿಸಿ, ಸಾಲಾಗಿ ಜೋಡಿಸಿದ್ದಳು. ಪ್ರತಿ ಲೇಬಲಿನ ಮೇಲೆ ಎರಡು ಖಾಲಿ ಗೆರೆ: ರಕ್ತ ನಿಂತ ಸಮಯ, ಫಾರ್ಮಲಿನ್‌ಗೆ ಬಿದ್ದ ಸಮಯ. ಮೊದಲ ಬಾಟಲಿಯಲ್ಲಿ ಎರಡರ ನಡುವೆ 2 ನಿಮಿಷ ಇತ್ತು. ಕೊನೆಯದರಲ್ಲೂ 2 ನಿಮಿಷ.